ನಲ್ಲಿಯ ನೀರು, ಮೈಯ ನವೆ



ಬೇಸಿಗೆ ಬಂತೆಂದರೆ ಭಾನುವಾರದ ಪೂಜೆ ಮುಗಿದ ಮೇಲೆ ದೇವಾಲಯದ ಬಾಗಿಲಲ್ಲಿ ನಾನು ತಪ್ಪದೆ ಕೇಳುವ ಮಾತೊಂದಿದೆ. "ಸ್ವಾಮಿ, ಈ ನಲ್ಲಿ ನೀರು ಬಂದಾಗಿನಿಂದ ಮೈಯೆಲ್ಲ ನವೆ." ಒಬ್ಬರು ಮೊಣಕೈ ತೋರಿಸುತ್ತಾರೆ, ಒಬ್ಬರು ಮಗುವಿನ ಬೆನ್ನು ತೋರಿಸುತ್ತಾರೆ. ಇನ್ನೊಬ್ಬರು ತಂಬಿಗೆಯ ತಳದಲ್ಲಿ ಕಟ್ಟಿದ ಬಿಳಿ ಪದರವನ್ನೇ ಸಾಕ್ಷಿಯಾಗಿ ಹಿಡಿದು ತರುತ್ತಾರೆ. ಈ ತಿಂಗಳ ಕೃಷಿ ಮತ್ತು ಆರೋಗ್ಯದ ಪುಟದಲ್ಲಿ ಇದನ್ನೇ ವಿಚಾರ ಮಾಡೋಣ. ನಲ್ಲಿಯ ನೀರಿನಿಂದ ಚರ್ಮಕ್ಕೆ ತೊಂದರೆ ಆಗುತ್ತದೆಯೇ? ಆಗುವುದಾದರೆ ಹೇಗೆ? ನೀರಿನ ಮೇಲೆ ದೂರು ಹೊರಿಸುವ ಮೊದಲು ನಾವು ನೋಡಬೇಕಾದದ್ದು ಏನು?

ಮೊದಲು ಒಂದು ನಿವೇದನೆ

ಪಾಪನಿವೇದನೆ ಕೇಳುವುದು ನನ್ನ ಕೆಲಸ. ಇಂದು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ನಿವೇದಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಧರ್ಮಕೇಂದ್ರದ ಒಂದು ಬೀದಿಗೆ ಹೊಸ ಬೋರ್‌ವೆಲ್‌ನ ನೀರು ಬಂತು. ತಿಂಗಳು ತುಂಬುವುದರೊಳಗೆ ನಾಲ್ಕೈದು ಮನೆಗಳ ಮಕ್ಕಳಿಗೆ ತುರಿಕೆ ಶುರುವಾಯಿತು. ನೀರು ಉಪ್ಪು, ಸೋಪು ನೊರೆ ಬರುವುದಿಲ್ಲ, ಬಕೆಟ್ಟಿನ ಅಂಚೆಲ್ಲ ಬೆಳ್ಳಗೆ. ಇನ್ನೇನು ಬೇಕು? "ನೀರೇ ವಿಷ" ಎಂದು ಬೀದಿಯೆಲ್ಲ ತೀರ್ಮಾನ ಮಾಡಿತು. ಪಂಚಾಯಿತಿಗೆ ಅರ್ಜಿ ಬರೆದುಕೊಟ್ಟವನು ನಾನೇ. ಒಂದು ಮನೆಯವರಂತೂ ಸಂಘದಲ್ಲಿ ಸಾಲ ತೆಗೆದು ನೀರನ್ನು ಮೆದು ಮಾಡುವ ಯಂತ್ರ ಕೂರಿಸಿದರು.

ಯಂತ್ರ ಬಂದ ಮೇಲೂ ಮಕ್ಕಳ ತುರಿಕೆ ನಿಲ್ಲಲಿಲ್ಲ. ಕೆರೆದ ಜಾಗ ಕೀವಾಯಿತು. ಒಂದು ದಿನ ಆ ಮನೆಯ ಎರಡನೆಯ ಹುಡುಗನ ಮುಖ ಊದಿಕೊಂಡಿತು, ಮೂತ್ರ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿತು. ಮೂತ್ರಪಿಂಡಕ್ಕೆ ತೊಂದರೆಯಾಗಿದೆ ಎಂದು ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ದೇವರ ದಯೆಯಿಂದ ಹುಡುಗ ಗುಣವಾಗಿ ಮನೆಗೆ ಬಂದ.

ರಜೆ ಮುಗಿಸಿ ಬಂದಿದ್ದ ನಮ್ಮ ಔಷಧಾಲಯದ ಸಿಸ್ಟರ್ ಆ ಮನೆಗೆ ಹೋಗಿ ಮಕ್ಕಳ ಕೈ ಹಿಡಿದು ಬೆರಳುಗಳ ಸಂದಿ ನೋಡಿದರು. "ರಾತ್ರಿ ಹೆಚ್ಚೋ, ಹಗಲು ಹೆಚ್ಚೋ?" ಎಂದು ಕೇಳಿದರು. "ರಾತ್ರಿ ನಿದ್ದೆಯೇ ಇಲ್ಲ ಸಿಸ್ಟರ್" ಎಂದಳು ತಾಯಿ. ಆಮೇಲೆ ಸಿಸ್ಟರ್ ನನ್ನ ಬಳಿ ಬಂದು ಹೇಳಿದ್ದು ಇಷ್ಟೇ: "ಸ್ವಾಮಿ, ನೀರು ಮೈಯೆಲ್ಲ ತೋಯಿಸುತ್ತದೆ. ಬೆರಳ ಸಂದಿ, ಸೊಂಟ, ಮಣಿಕಟ್ಟು ಎಂದು ಅದು ಆರಿಸಿಕೊಳ್ಳುವುದಿಲ್ಲ. ಇದು ಕಜ್ಜಿ." ಬೀದಿಯ ಮಕ್ಕಳೆಲ್ಲ ಜೊತೆಯಲ್ಲಿ ಆಡುತ್ತಿದ್ದರು, ರಜೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದರು. ನೀರು ಬಂದದ್ದೂ ಕಜ್ಜಿ ಬಂದದ್ದೂ ಒಂದೇ ತಿಂಗಳು, ಅಷ್ಟೇ. ನಾವು ನೀರಿನ ಮೇಲೆ ಅರ್ಜಿ ಬರೆಯುತ್ತ ಕಳೆದ ಆ ಆರು ವಾರಗಳಲ್ಲಿ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಒಂದು ಸಲ ಹೋಗಿದ್ದರೆ ಸಾಕಿತ್ತು.

ಆದರೆ ಸಿಸ್ಟರ್ ಇನ್ನೊಂದು ಮಾತನ್ನೂ ಹೇಳಿದರು. ಅದೇ ಮನೆಯ ಅಜ್ಜಿಯ ಕಾಲಿನ ಚರ್ಮ ಒಣಗಿ, ಬಿರುಕು ಬಿಟ್ಟು, ನವೆಯಾಗುತ್ತಿತ್ತು. ಅದರಲ್ಲಿ ಮಾತ್ರ ನೀರಿಗೂ ಪಾಲಿತ್ತು. ಒಂದೇ ಮನೆ, ಒಂದೇ ನಲ್ಲಿ, ಎರಡು ಬೇರೆ ಕಾರಣ. ಆದ್ದರಿಂದ ನೀರು ಪೂರ್ತಿ ನಿರಪರಾಧಿಯೂ ಅಲ್ಲ, ಎಲ್ಲದಕ್ಕೂ ಅಪರಾಧಿಯೂ ಅಲ್ಲ. ವಿಚಾರಣೆ ಮಾಡದೆ ತೀರ್ಪು ಕೊಡಬಾರದು, ಇಂದಿನ ಲೇಖನದ ಸಾರ ಇಷ್ಟೇ.

ನಮ್ಮ ಸೀಮೆಯ ನೀರು

ಇಂದಿನ ಸೇಲಂ, ಧರ್ಮಪುರಿ, ಕೃಷ್ಣಗಿರಿ ಮೂರೂ ಒಂದು ಕಾಲಕ್ಕೆ ಒಂದೇ ಜಿಲ್ಲೆ. 1965ರಲ್ಲಿ ಧರ್ಮಪುರಿ ಬೇರೆಯಾಯಿತು, 2004ರಲ್ಲಿ ಹೊಸೂರು, ಡೆಂಕಣಿಕೋಟೆಗಳನ್ನು ಒಳಗೊಂಡು ಕೃಷ್ಣಗಿರಿ ಬೇರೆಯಾಯಿತು. ಜಿಲ್ಲೆಗಳು ಬೇರೆಯಾದರೂ ನೆಲದಡಿಯ ಬಂಡೆ ಬಹುಪಾಲು ಒಂದೇ ಬಗೆಯದು. ಇಲ್ಲಿ ಮಣ್ಣಿನ ಪದರ ತೆಳು, ಅದರ ಕೆಳಗೆ ಗಟ್ಟಿ ಕಲ್ಲು. ಮಳೆಯ ನೀರು ಆ ಕಲ್ಲಿನ ಬಿರುಕುಗಳಲ್ಲಿ ಇಳಿದು ನಿಲ್ಲುತ್ತದೆ. ಎಷ್ಟು ಆಳ, ಎಷ್ಟು ಕಾಲ ನಿಂತಿತೋ ಅಷ್ಟು ಕಲ್ಲಿನ ಅಂಶ ಅದರಲ್ಲಿ ಕರಗುತ್ತದೆ. ನಮ್ಮ ಅಜ್ಜಂದಿರು ಸೇದುವ ಬಾವಿಯ ನೀರು ಕುಡಿದರು. ನಾವು ಎಂಟುನೂರು, ಸಾವಿರ ಅಡಿ ಕೊರೆದು ತೆಗೆಯುತ್ತೇವೆ. ಎರಡೂ ಒಂದೇ ನೀರಲ್ಲ.

ಹೀಗೆ ಕರಗಿ ಬರುವ ಅಂಶಗಳಲ್ಲಿ ಮುಖ್ಯವಾದವು ಕ್ಯಾಲ್ಸಿಯಂ ಮತ್ತು ಮ್ಯಾಗ್ನೀಸಿಯಂ. ಇವು ಹೆಚ್ಚಿರುವ ನೀರಿಗೆ ಶಾಲೆಯ ಪುಸ್ತಕದಲ್ಲಿ ಗಡಸು ನೀರು ಎಂದು ಹೆಸರು. ನಮ್ಮ ಮನೆಗಳಲ್ಲಿ ಉಪ್ಪು ನೀರು ಎನ್ನುತ್ತೇವೆ. ಸೇಲಂ ನಗರದ ಪಕ್ಕದ ಬಿಳಿ ಗುಡ್ಡಗಳನ್ನು ನೀವು ಕಂಡಿರಬಹುದು. ಇಂಗ್ಲಿಷರು ಅವನ್ನು ಸೀಮೆಸುಣ್ಣದ ಗುಡ್ಡಗಳು ಎಂದು ಕರೆದರು. ನಿಜಕ್ಕೂ ಅಲ್ಲಿರುವುದು ಮ್ಯಾಗ್ನಸೈಟ್ ಎಂಬ ಮ್ಯಾಗ್ನೀಸಿಯಂನ ಅದಿರು. ಅಂಥ ನೆಲದ ನೀರು ಸೋಪಿನೊಡನೆ ಜಗಳವಾಡಿದರೆ ಆಶ್ಚರ್ಯವಿಲ್ಲ.

ಧರ್ಮಪುರಿ, ಕೃಷ್ಣಗಿರಿಗಳ ನೀರಿಗೆ ಇನ್ನೊಂದು ದೋಷವೂ ಇದೆ, ಫ್ಲೋರೈಡ್. ಇದಕ್ಕಾಗಿಯೇ ಹೊಗೇನಕಲ್ಲಿನಿಂದ ಕಾವೇರಿ ನೀರು ತರುವ ಯೋಜನೆ ಆಯಿತು. 2008ರಲ್ಲಿ ಶಂಕುಸ್ಥಾಪನೆ, ಜಪಾನಿನ ಸಾಲದ ನೆರವು, 2013ರಲ್ಲಿ ಉದ್ಘಾಟನೆ. ಕೆಲವು ಊರುಗಳಲ್ಲಿ ಕಾವೇರಿ ನೀರು ಸಾಲದ ದಿನ ಬೋರ್‌ವೆಲ್ ನೀರೂ ಅದೇ ಟ್ಯಾಂಕಿಗೆ ಸೇರುತ್ತದೆ. ನಲ್ಲಿಯಲ್ಲಿ ಸೋಮವಾರ ಸಿಹಿ ನೀರು, ಗುರುವಾರ ಉಪ್ಪು ನೀರು ಬರುವುದು ಹೀಗೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. "ಫ್ಲೋರೈಡ್ ನೀರು ಮೈಗೆ ಬಿದ್ದು ತುರಿಕೆ ಬಂತು" ಎನ್ನುವವರು ಬಹಳ. ನಮ್ಮ ನೀರಿನಲ್ಲಿರುವಷ್ಟು ಫ್ಲೋರೈಡ್ ಕೆಡಿಸುವುದು ಹಲ್ಲನ್ನು ಮತ್ತು ಮೂಳೆಯನ್ನು, ಅದೂ ವರ್ಷಗಟ್ಟಲೆ ಕುಡಿದಾಗ. ಸ್ನಾನ ಮಾಡಿದರೆ ಅದರಿಂದ ನವೆ ಬರುವುದಿಲ್ಲ. ಹಾಗಾಗಿ ಮೈ ತುರಿಸದಿದ್ದರೆ ನೀರು ಒಳ್ಳೆಯದು ಎಂದು ಭಾವಿಸಿ ಕುಡಿಯುವುದೂ ತಪ್ಪು. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಅಂತರ್ಜಲದ ಆರ್ಸೆನಿಕ್‌ನಿಂದ ಜನರ ಮೈಮೇಲೆ ಕಲೆಗಳು, ಅಂಗೈ ಅಂಗಾಲುಗಳಲ್ಲಿ ಗಟ್ಟಿ ಗಂಟುಗಳು ಬಂದದ್ದನ್ನು ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. ಅದು ಚಿನ್ನದ ಅದಿರಿನ ನೆಲ. ಅಲ್ಲಿಯೂ ರೋಗ ಬಂದದ್ದು ಮಿಂದದ್ದರಿಂದಲ್ಲ, ಕುಡಿದದ್ದರಿಂದ. ನಿಜವಾಗಿ ಅಪಾಯದ ನೀರು ಎಷ್ಟೋ ಸಲ ತುರಿಸುವುದೇ ಇಲ್ಲ.

ಉಪ್ಪು ನೀರು ಚರ್ಮಕ್ಕೆ ಏನು ಮಾಡುತ್ತದೆ?

ನಮ್ಮ ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಗುಣದ್ದು. ಅದರ ಮೇಲೆ ತೆಳುವಾದ ಎಣ್ಣೆಯ ಅಂಶವಿರುತ್ತದೆ. ಮನೆಗೆ ಸುಣ್ಣದ ಗಾರೆ ಹೇಗೋ ಚರ್ಮಕ್ಕೆ ಈ ಪದರ ಹಾಗೆ. ಒಳಗಿನ ತೇವ ಹೊರಗೆ ಹೋಗದಂತೆ, ಹೊರಗಿನ ಕೊಳೆ ಒಳಗೆ ಬಾರದಂತೆ ಕಾಯುತ್ತದೆ. ಸಾಮಾನ್ಯ ಸೋಪು ಕ್ಷಾರ ಗುಣದ್ದು. ಅದು ಕೊಳೆಯ ಜೊತೆ ಈ ಎಣ್ಣೆಯನ್ನೂ ಸ್ವಲ್ಪ ತೊಳೆದುಹಾಕುತ್ತದೆ.

ಸಿಹಿ ನೀರಿನಲ್ಲಾದರೆ ಸೋಪು ಬೇಗ ನೊರೆಯಾಗುತ್ತದೆ, ಬೇಗ ತೊಳೆದುಹೋಗುತ್ತದೆ. ಗಡಸು ನೀರಿನಲ್ಲಿ ಸೋಪು ಕ್ಯಾಲ್ಸಿಯಂ, ಮ್ಯಾಗ್ನೀಸಿಯಂಗಳ ಜೊತೆ ಸೇರಿ ನೀರಿನಲ್ಲಿ ಕರಗದ ಜಿಡ್ಡಾಗುತ್ತದೆ. ಬಚ್ಚಲಿನ ಗೋಡೆಗೆ ಹತ್ತುವ ಬೂದು ಬಣ್ಣದ ಜಿಡ್ಡು ಅದೇ. ಗೋಡೆಗೆ ಹತ್ತುವುದು ಮೈಗೂ ಹತ್ತುತ್ತದೆ. ನೊರೆ ಬರಲಿಲ್ಲವೆಂದು ನಾವು ಇನ್ನೂ ಸೋಪು ಉಜ್ಜುತ್ತೇವೆ. ಜಿಡ್ಡು ಹೋಗಲೆಂದು ಬಿಸಿ ನೀರು ಸುರಿದು ತೆಂಗಿನ ನಾರಿನಿಂದ ತಿಕ್ಕುತ್ತೇವೆ. ಹೀಗೆ ನೀರು ಒಂದು ಪಾಲು, ಸೋಪು ಎರಡು ಪಾಲು, ನಮ್ಮ ಕೈ ಮೂರು ಪಾಲು ಸೇರಿ ಚರ್ಮವನ್ನು ಒಣಗಿಸುತ್ತವೆ. ಒಣಗಿದ ಚರ್ಮ ನವೆಯಾಗುತ್ತದೆ.

ಬಟ್ಟೆಯ ವಿಷಯವೂ ಹೀಗೆಯೇ. ಗಡಸು ನೀರಿನಲ್ಲಿ ಒಗೆದ ಬಟ್ಟೆಯನ್ನು ಒಂದೇ ಸಲ ಜಾಲಿಸಿದರೆ ಸೋಪಿನ ಪುಡಿ ಅದರಲ್ಲೇ ಉಳಿಯುತ್ತದೆ. ಬೆವರಿದಾಗ ಸೊಂಟದ ಪಟ್ಟಿ, ಕಂಕುಳು, ಕುತ್ತಿಗೆಗಳಲ್ಲಿ ಕಡಿತ ಬರುವುದು ಎಷ್ಟೋ ಸಲ ಇದರಿಂದ.

ಇದನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪ್ರದೇಶದಲ್ಲಿ 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗಡಸು ನೀರಿನ ಕಡೆಯ ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಇಸುಬು ಹೆಚ್ಚಾಗಿ ಕಂಡಿತು. ಹಾಗಾದರೆ ನೀರನ್ನು ಮೆದು ಮಾಡಿದರೆ ಇಸುಬು ವಾಸಿಯಾಗಬೇಕಲ್ಲವೇ? ಅದನ್ನೂ ನೋಡಿದರು. ಇಸುಬು ಇದ್ದ 336 ಮಕ್ಕಳಲ್ಲಿ ಅರ್ಧದಷ್ಟು ಮನೆಗಳಿಗೆ ನೀರು ಮೆದು ಮಾಡುವ ಯಂತ್ರ ಕೂರಿಸಿ 12 ವಾರ ಕಾದರು. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಯಂತ್ರವಿದ್ದ ಮಕ್ಕಳಿಗೂ ಇಲ್ಲದ ಮಕ್ಕಳಿಗೂ ರೋಗದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಂದರೆ ಗಡಸು ನೀರು ಸೂಕ್ಷ್ಮ ಚರ್ಮಕ್ಕೆ ಕಿರಿಕಿರಿ ಮಾಡಬಹುದು, ಆದರೆ ಬಂದ ರೋಗಕ್ಕೆ ಯಂತ್ರ ಮದ್ದಲ್ಲ. ಸಾಲ ಮಾಡಿ ಯಂತ್ರ ಕೊಳ್ಳುವ ಮೊದಲು ಈ ಮಾತು ನೆನಪಿರಲಿ.

ಬ್ಲೀಚಿಂಗ್ ಪೌಡರಿನ ವಾಸನೆ

"ಇವತ್ತು ನೀರಿಗೆ ಪೌಡರ್ ಜಾಸ್ತಿ ಹಾಕಿದ್ದಾರೆ" ಎಂದು ಕೆಲವರು ನಲ್ಲಿ ನೀರನ್ನೇ ಮುಟ್ಟುವುದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಆದರೂ ಉಳಿದಿರಬೇಕು ಎಂಬುದು ನಮ್ಮ ದೇಶದ ಮಾನದಂಡ. ವಾಂತಿಭೇದಿ, ಟೈಫಾಯಿಡ್‌ಗಳನ್ನು ತಡೆಯುವುದು ಅದೇ. ಆ ಪ್ರಮಾಣಕ್ಕೆ ಬಹುಮಂದಿಗೆ ಚರ್ಮದ ತೊಂದರೆ ಆಗುವುದಿಲ್ಲ. ಇಸುಬು ಇರುವವರಿಗೆ, ಚರ್ಮ ಬಹಳ ಒಣಗಿದವರಿಗೆ ಸ್ವಲ್ಪ ಉರಿಯಬಹುದು. ಅಂಥವರು ಸ್ನಾನದ ನೀರನ್ನು ಹಿಂದಿನ ರಾತ್ರಿಯೇ ಅಗಲ ಬಾಯಿಯ ಪಾತ್ರೆಯಲ್ಲಿ ತುಂಬಿ, ತೆಳು ಬಟ್ಟೆ ಮುಚ್ಚಿಟ್ಟರೆ ವಾಸನೆ ಬಹಳ ಮಟ್ಟಿಗೆ ಹೋಗುತ್ತದೆ. ಪೌಡರ್ ಹಾಕಬೇಡಿ ಎಂದು ಮಾತ್ರ ಪಂಚಾಯಿತಿಯವರ ಮೇಲೆ ಒತ್ತಡ ತರಬೇಡಿ. ನವೆಯನ್ನು ತಪ್ಪಿಸಲು ಹೋಗಿ ಕಾಲರಾವನ್ನು ಕರೆದಂತಾಗುತ್ತದೆ.

ಮನೆಯ ಸಂಪು, ಟ್ಯಾಂಕ್ ತೊಳೆದು ಪೌಡರ್ ಹಾಕಿದ ದಿನ ಮೊದಲ ನೀರನ್ನು ಹೊರಗೆ ಬಿಡಿ. ಅದನ್ನು ಬಳಸಬೇಡಿ. ಟ್ಯಾಂಕಿನ ಮುಚ್ಚಳ ಒಡೆದು, ಪಾಚಿ ಕಟ್ಟಿ, ಪಾರಿವಾಳದ ಹಿಕ್ಕೆ ಬೀಳುತ್ತಿದ್ದರೆ ಊರಿನ ನೀರನ್ನು ದೂರಿ ಫಲವಿಲ್ಲ.

ನೀರಿನ ಹೆಸರಿನಲ್ಲಿ ಅಡಗುವ ಇತರ ಕಾರಣಗಳು

ಕಜ್ಜಿ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಚರ್ಮದೊಳಗೆ ಕೊರೆದು ಮೊಟ್ಟೆಯಿಡುತ್ತದೆ. ರಾತ್ರಿ ನವೆ ಹೆಚ್ಚು. ಬೆರಳ ಸಂದಿ, ಮಣಿಕಟ್ಟು, ಸೊಂಟ, ತೊಡೆಯ ಸಂದುಗಳಲ್ಲಿ ಸಣ್ಣ ಗುಳ್ಳೆಗಳು. ಮನೆಯಲ್ಲಿ ಒಬ್ಬರಿಗೆ ಬಂದರೆ ಒಬ್ಬೊಬ್ಬರಿಗೇ ಹರಡುತ್ತದೆ. ಎಲ್ಲರಿಗೂ ಬರುವುದರಿಂದಲೇ ಜನ ನೀರಿನ ಮೇಲೆ ಸಂಶಯಪಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ವೈದ್ಯರು ಕೊಟ್ಟ ಪರ್ಮೆಥ್ರಿನ್ ಮುಲಾಮನ್ನು ಅವರು ಹೇಳಿದಂತೆ ರಾತ್ರಿ ಹಚ್ಚಿಕೊಳ್ಳಬೇಕು. ನವೆ ಇಲ್ಲದವರೂ ಸೇರಿ ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು, ಒಂದು ವಾರದ ನಂತರ ಮತ್ತೊಮ್ಮೆ. ಬಟ್ಟೆ, ಹೊದಿಕೆಗಳನ್ನು ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಗೆಯಲಾಗದ್ದನ್ನು ಮೂರು ದಿನಕ್ಕೆ ಕಡಿಮೆಯಿಲ್ಲದಂತೆ ಚೀಲದಲ್ಲಿ ಕಟ್ಟಿಡಬೇಕು. ಕೀವಾದ ಕಜ್ಜಿಯನ್ನು ಹಾಗೇ ಬಿಟ್ಟರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಆ ಹುಡುಗನಿಗೆ ಆದದ್ದು ಇದೇ.

ಹುಳುಕಡ್ಡಿ. ದುಂಡಗೆ, ಅಂಚು ಕೆಂಪಾಗಿ, ಬೆವರುವ ಜಾಗಗಳಲ್ಲಿ ಹರಡುತ್ತದೆ. ಇದು ಶಿಲೀಂಧ್ರದಿಂದ. ಅಂಗಡಿಯಲ್ಲಿ ಕೇಳಿ ತರುವ ಮುಲಾಮುಗಳಲ್ಲಿ ಹಲವಕ್ಕೆ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಎರಡು ದಿನ ನವೆ ನಿಂತು, ಆಮೇಲೆ ಎರಡರಷ್ಟು ಹರಡುತ್ತದೆ. ವೈದ್ಯರ ಚೀಟಿಯಿಲ್ಲದೆ ಹಚ್ಚಬೇಡಿ.

ಹೊಲ ತೋಟದ ಕಾರಣಗಳು. ಪಾರ್ಥೇನಿಯಂ ಕಳೆ ಕಿತ್ತವರಿಗೆ ಕಣ್ಣೆವೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಉರಿ, ನವೆ ಬರುತ್ತದೆ. ವರ್ಷಗಳು ಕಳೆದಂತೆ ಗಿಡ ಮುಟ್ಟದಿದ್ದರೂ ಗಾಳಿಯಲ್ಲಿ ಬಂದ ಅದರ ಪುಡಿಯೇ ಸಾಕು. ಕೃಷ್ಣಗಿರಿ ಕಡೆಯ ಮಾವಿನ ತೋಪಿನಲ್ಲಿ ಕಾಯಿ ಕೀಳುವವರಿಗೆ ಸೊನೆ ತಗುಲಿ ಚರ್ಮ ಸುಟ್ಟಂತಾಗುತ್ತದೆ. ಮಾವಿನ ಸುಗ್ಗಿಯೂ ಬೋರ್‌ವೆಲ್ ನೀರು ಉಪ್ಪಾಗುವ ಕಾಲವೂ ಒಂದೇ ಆದ್ದರಿಂದ ನೀರಿಗೆ ಕೆಟ್ಟ ಹೆಸರು. ರೇಷ್ಮೆ ಹುಳು ಸಾಕುವವರು ಮನೆ ತೊಳೆಯಲು ಬಳಸುವ ಸುಣ್ಣ, ಬ್ಲೀಚಿಂಗ್ ಪೌಡರ್, ಫಾರ್ಮಲಿನ್‌ಗಳೂ ಕೈಯನ್ನು ಕೆಡಿಸುತ್ತವೆ. ಹೊಸೂರಿನ ಗುಲಾಬಿ ತೋಟಗಳಲ್ಲಿ, ಟೊಮ್ಯಾಟೊ ಹೊಲಗಳಲ್ಲಿ ಔಷಧಿ ಹೊಡೆದ ಬಟ್ಟೆಯಲ್ಲೇ ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳುವ ತಂದೆಯರನ್ನು ನಾನು ಕಂಡಿದ್ದೇನೆ. ಔಷಧಿ ಕಲಸಿದ ಬಕೆಟ್ಟನ್ನು ತೊಳೆದು ಬಚ್ಚಲಿಗೆ ತಂದಿಡುವ ಮನೆಗಳೂ ಇವೆ. ದಯವಿಟ್ಟು ಇದನ್ನು ಇಂದೇ ನಿಲ್ಲಿಸಿ.

ನಾಲ್ಕು ಪ್ರಶ್ನೆಗಳು

ನವೆ ಬಂದಾಗ ನೀರನ್ನು ದೂರುವ ಮೊದಲು ಮನೆಯಲ್ಲಿ ಕುಳಿತು ಇವನ್ನು ಕೇಳಿಕೊಳ್ಳಿ.

1. ಯಾರಿಗೆ? ಚರ್ಮ ಒಣಗುವ ಮುದುಕರಿಗೆ, ಹಸುಗೂಸಿಗೆ, ದಿನವಿಡೀ ಪಾತ್ರೆ ತೊಳೆಯುವವರಿಗೆ ಮಾತ್ರವೇ? ಆಗ ನೀರು, ಸೋಪುಗಳ ಮೇಲೆ ಸಂಶಯಪಡಬಹುದು. ಒಬ್ಬರಾದ ಮೇಲೆ ಒಬ್ಬರಿಗೆ ಹರಡಿತೇ? ಕಜ್ಜಿ ಇರಬಹುದು.

2. ಎಲ್ಲಿ? ಕಾಲು, ತೋಳು, ಬೆನ್ನು ಒಣಗಿ ಬೂದಿ ಬಳಿದಂತಿದ್ದರೆ ನೀರಿನ ಪಾಲು ಇರಬಹುದು. ಬೆರಳ ಸಂದಿ, ಸೊಂಟವಾದರೆ ಬೇರೆ.

3. ಯಾವಾಗ? ಸ್ನಾನವಾದ ಅರ್ಧ ಗಂಟೆಯೊಳಗೆ ಬಿಗಿದಂತಾಗಿ ನವೆಯಾದರೆ ಒಣ ಚರ್ಮ. ರಾತ್ರಿ ಹಾಸಿಗೆಯಲ್ಲಿ ಹೆಚ್ಚಾದರೆ ಕಜ್ಜಿ. ಹೊಲದಿಂದ ಬಂದ ಮೇಲಾದರೆ ಕಳೆ ಅಥವಾ ಔಷಧಿ.

4. ಏನು ಬದಲಾಯಿತು? ನೀರು ಬದಲಾದ ವಾರದಲ್ಲೇ ಸೋಪು, ಬಟ್ಟೆಯ ಪುಡಿ, ತಲೆಗೆ ಹಚ್ಚುವ ಬಣ್ಣ ಏನಾದರೂ ಬದಲಾಯಿತೇ?

ಮನೆಯಲ್ಲೇ ಎರಡು ಪರೀಕ್ಷೆಗಳು

ಬಾಟಲಿ ಪರೀಕ್ಷೆ. ಒಂದೇ ಅಳತೆಯ ಎರಡು ಪಾರದರ್ಶಕ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಅರ್ಧದಷ್ಟು ನಲ್ಲಿ ನೀರು, ಇನ್ನೊಂದಕ್ಕೆ ಅಷ್ಟೇ ಮಳೆ ನೀರು ಹಾಕಿ. ಎರಡಕ್ಕೂ ಮೈಸೋಪಿನ ಒಂದೇ ಅಳತೆಯ ತುಣುಕು ಹಾಕಿ ಹತ್ತು ಸಲ ಕುಲುಕಿ. ಮಳೆ ನೀರು ದಪ್ಪ ನೊರೆ ಕೊಡುತ್ತದೆ. ನಲ್ಲಿ ನೀರು ನೊರೆಯಿಲ್ಲದೆ ಒಡೆದ ಹಾಲಿನಂತೆ ಕಂಡರೆ ಅದು ಗಡಸು. ಬಟ್ಟೆಯ ಪುಡಿಯಿಂದ ಈ ಪರೀಕ್ಷೆ ಸರಿಯಾಗುವುದಿಲ್ಲ.

ಬಕೆಟ್ ಪರೀಕ್ಷೆ. ನವೆ ಇರುವವರು ಎರಡು ವಾರ ಶೇಖರಿಸಿದ ಮಳೆ ನೀರಿನಲ್ಲಿ ಅಥವಾ ಸಿಹಿ ನೀರಿನಲ್ಲಿ ಸ್ನಾನ ಮಾಡಲಿ. ಸೋಪು, ಎಣ್ಣೆ, ಬಟ್ಟೆ ಎಲ್ಲ ಮೊದಲಿನಂತೆಯೇ ಇರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ನವೆ ಕಡಿಮೆಯಾಗಿ, ಹಳೆಯ ನೀರಿಗೆ ಮರಳಿದಾಗ ಮತ್ತೆ ಬಂದರೆ ನೀರಿನ ಮೇಲಿನ ದೂರಿಗೆ ಆಧಾರವಿದೆ. ಏನೂ ಬದಲಾಗದಿದ್ದರೆ ನೀರನ್ನು ಬಿಟ್ಟು ಬೇರೆ ಕಾರಣ ಹುಡುಕಿ. ಆದರೆ ಕಜ್ಜಿಯ ಲಕ್ಷಣಗಳಿದ್ದರೆ ಎರಡು ವಾರ ಕಾಯದೆ ವೈದ್ಯರ ಬಳಿ ಹೋಗಿ.

ನೀರಿನ ಪಾಲು ಇದ್ದರೆ ಏನು ಮಾಡಬೇಕು?

ಸೋಪು ಕಡಿಮೆ ಮಾಡಿ. ಕಂಕುಳು, ತೊಡೆ ಸಂದು, ಪಾದಗಳಿಗೆ ಸಾಕು. ತೋಳು ಕಾಲುಗಳಿಗೆ ದಿನವೂ ಬೇಡ. ಮಕ್ಕಳಿಗೆ ಬಟ್ಟೆ ಸೋಪು ಹಚ್ಚಬೇಡಿ. ಸ್ನಾನದ ನೀರಿಗೆ ಮುಚ್ಚಳಗಟ್ಟಲೆ ನಂಜುನಾಶಕ ದ್ರವ ಸುರಿಯುವ ಅಭ್ಯಾಸ ಬಿಡಿ, ಅದೂ ಚರ್ಮವನ್ನು ಒಣಗಿಸುತ್ತದೆ. ನೀರು ಉಗುರುಬೆಚ್ಚಗಿರಲಿ. ಕೊನೆಯ ಎರಡು ಚೊಂಬು ಮಳೆ ನೀರೋ ಕಾವೇರಿ ನೀರೋ ಆದರೆ ಉಪ್ಪು ನೀರಿನ ಜಿಡ್ಡು ಬಿಡುತ್ತದೆ. ಮೈಯನ್ನು ಒತ್ತಿ ಒರೆಸಿ, ತೇವ ಆರುವ ಮೊದಲೇ ಕೊಬ್ಬರಿ ಎಣ್ಣೆ ತೆಳುವಾಗಿ ಸವರಿ. ಅಜ್ಜಿಯ ಕಾಲು ವಾಸಿಯಾದದ್ದು ಇಷ್ಟರಿಂದಲೇ. ಬಟ್ಟೆಗೆ ಪುಡಿ ಕಡಿಮೆ ಹಾಕಿ, ಮೂರು ಸಲ ಜಾಲಿಸಿ.

ನೀರನ್ನು ಚೆನ್ನಾಗಿ ಕುದಿಸಿ ಇಳಿಸಿದರೆ ಗಡಸಿನ ಒಂದು ಭಾಗ ತಳದಲ್ಲಿ ಕೂರುತ್ತದೆ. ಹಂಡೆಯೊಳಗಿನ ಬಿಳಿ ಪದರ ಅದೇ. ಇನ್ನೊಂದು ಭಾಗ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಪಟಿಕ ತೇಯ್ದರೆ ಕೆಸರು ಕೂರುತ್ತದೆಯೇ ಹೊರತು ಗಡಸು ಹೋಗದು. ಮನೆಯಲ್ಲಿ ಆರ್.ಓ. ಯಂತ್ರವಿದ್ದರೆ ಅದು ಹೊರಬಿಡುವ ನೀರಿನಲ್ಲಿ ಉಪ್ಪಿನಂಶ ಇನ್ನೂ ಹೆಚ್ಚು. ಹಾಳಾಗಬಾರದೆಂದು ಅದನ್ನು ಸ್ನಾನಕ್ಕೆ ಬಳಸಬೇಡಿ, ನೆಲ ಒರೆಸಿ. ಮೆದು ಮಾಡುವ ಯಂತ್ರವನ್ನು ಉಪ್ಪಿನಿಂದ ತೊಳೆದ ನೀರನ್ನು ಬಾಳೆ, ಕರಿಬೇವಿನ ಬುಡಕ್ಕೆ ಬಿಟ್ಟರೆ ಗಿಡವೂ ಮಣ್ಣೂ ಕೆಡುತ್ತವೆ. ಆ ಯಂತ್ರದ ನೀರಿನಲ್ಲಿ ಸೋಡಿಯಂ ಹೆಚ್ಚಿರುವುದರಿಂದ ರಕ್ತದೊತ್ತಡವಿರುವವರು ಅದನ್ನು ಕುಡಿಯದಿರುವುದು ಲೇಸು.

ಎಲ್ಲಕ್ಕಿಂತ ಒಳ್ಳೆಯ ಮೆದು ನೀರು ಆಕಾಶದಿಂದ ಬಿಟ್ಟಿಯಾಗಿ ಬರುತ್ತದೆ. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಸೂರಿನ ನೀರನ್ನು ಮುಚ್ಚಿದ ತೊಟ್ಟಿಗೆ ಇಳಿಸಿಕೊಂಡರೆ ಮಗುವಿನ ಸ್ನಾನಕ್ಕೂ ಬೇಳೆ ಬೇಯಿಸಲೂ ಆಗುತ್ತದೆ.

ನೀರಿನ ಪರೀಕ್ಷೆ

ದೂರು ಕೊಡುವುದಾದರೆ ಆಧಾರದೊಂದಿಗೆ ಕೊಡಿ. ತಮಿಳುನಾಡು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಗೆ ಜಿಲ್ಲಾ ಮಟ್ಟದಲ್ಲಿ ನೀರಿನ ಪರೀಕ್ಷಾಲಯಗಳಿವೆ. 2019ರಲ್ಲಿ ಆರಂಭವಾದ ಜಲ ಜೀವನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಪರೀಕ್ಷಾ ಪೆಟ್ಟಿಗೆಯಿಂದ ನೀರು ನೋಡುವ ತರಬೇತಿ ಕೊಡುವ ಏರ್ಪಾಡೂ ಸೇರಿತ್ತು. ನಿಮ್ಮ ಪಂಚಾಯಿತಿಯಲ್ಲಿ ವಿಚಾರಿಸಿ. ನಲ್ಲಿಯನ್ನು ಸ್ವಲ್ಪ ಹೊತ್ತು ಹರಿಯಬಿಟ್ಟು, ಶುಭ್ರವಾದ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿ, ದಿನಾಂಕ ಮತ್ತು ಸ್ಥಳ ಬರೆದು ಕೊಂಡೊಯ್ಯಿರಿ. ಕ್ರಿಮಿಗಳ ಪರೀಕ್ಷೆಗೆ ಬೇರೆ ಬಾಟಲಿ ಬೇಕು, ಅದನ್ನು ಪರೀಕ್ಷಾಲಯದವರಿಂದಲೇ ಪಡೆಯಿರಿ.

ಫಲಿತಾಂಶ ಓದುವಾಗ ಎರಡು ಅಂಕಿ ನೆನಪಿಡಿ. ಒಟ್ಟು ಗಡಸು ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ. ಮೊದಲನೆಯದು ಮೀರಿದರೆ ಸೋಪಿಗೆ ಕಷ್ಟ. ಎರಡನೆಯದು ಮೀರಿದರೆ ಮಕ್ಕಳ ಹಲ್ಲು ಮೂಳೆಗಳಿಗೆ ಕಷ್ಟ. ಆ ನೀರು ಮೈಗೆ ಎಷ್ಟು ಹಿತವಾಗಿದ್ದರೂ ಕುಡಿಯಲು ಬೇರೆ ನೀರು ಹುಡುಕಬೇಕು.

ಕೀವು, ಜ್ವರ, ಮುಖದ ಊತ, ಮೂತ್ರದ ಬಣ್ಣ ಬದಲಾಗುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಮನೆಮದ್ದಿಗೆ ಕಾಯಬೇಡಿ.

ನಾಮಾನನ ಕಥೆ ನಿಮಗೆಲ್ಲ ಗೊತ್ತು. ಚರ್ಮರೋಗದ ಆ ಸೇನಾಪತಿಗೆ ಪ್ರವಾದಿ ಎಲೀಷನು ಜೋರ್ಡನ್ ನದಿಯಲ್ಲಿ ಏಳು ಸಲ ಮುಳುಗು ಎಂದು ಹೇಳಿ ಕಳುಹಿಸಿದ. ತನ್ನ ಊರಿನ ನದಿಗಳ ಮುಂದೆ ಈ ನೀರು ಯಾವ ಲೆಕ್ಕ ಎಂದು ಅವನು ಸಿಟ್ಟಾಗಿ ಹೊರಟೇಬಿಟ್ಟಿದ್ದ. ದೊಡ್ಡ ಕೆಲಸ ಹೇಳಿದ್ದರೆ ಮಾಡುತ್ತಿದ್ದಿರಿ, ಇಷ್ಟು ಸಣ್ಣ ಕೆಲಸ ಮಾಡಬಾರದೇ ಎಂದು ತಿಳಿ ಹೇಳಿದವರು ಅವನ ಆಳುಗಳು. ನಾವೂ ಹೀಗೆಯೇ. ಯಂತ್ರಕ್ಕೆ ಸಾಲ ಮಾಡಲು ಸಿದ್ಧ, ಅರ್ಜಿ ಬರೆಯಲು ಸಿದ್ಧ, ಆದರೆ ಮಗುವಿನ ಬೆರಳ ಸಂದಿಯನ್ನು ದೀಪದ ಬೆಳಕಿನಲ್ಲಿ ಒಮ್ಮೆ ನೋಡಲು ಮರೆಯುತ್ತೇವೆ. ಇಂದು ರಾತ್ರಿ ಮಲಗುವ ಮೊದಲು ಅದನ್ನು ನೋಡಿ. ನಾಳೆ ಬಾಟಲಿಯಲ್ಲಿ ನೀರು ಕುಲುಕಿ ನೋಡಿ. ಆಮೇಲೂ ನೀರಿನ ಮೇಲೆ ದೂರಿದ್ದರೆ ಬನ್ನಿ. ಅರ್ಜಿಯನ್ನು ನಾನೇ ಬರೆದುಕೊಡುತ್ತೇನೆ, ಈ ಸಲ ಪರೀಕ್ಷೆಯ ಚೀಟಿಯನ್ನು ಲಗತ್ತಿಸಿ.

ನಿಮ್ಮ ಮನೆಗಳ ಮೇಲೂ ನಿಮ್ಮ ನೀರಿನ ಮೇಲೂ ಪ್ರಭುವಿನ ಆಶೀರ್ವಾದವಿರಲಿ.